ಕಲ್ಲಚ್ಚಿನಿಂದ ಆಫ್‌ಸೆಟ್‌ವರೆಗೆ

ಕಾರ್ಕಳದ ಬಾಹುಬಲಿ ಮೂರ್ತಿ ಪ್ರತಿಷ್ಠೆಯಾದದ್ದು 1432ರಲ್ಲಿ. ಆ ಸಂಗತಿಯನ್ನು ಅಲ್ಲಿಯೇ ಕಲ್ಲಿನ ಮೇಲೆ ಕೊರೆದಿಟ್ಟಿದ್ದಾರೆ. ‘ಕಲ್ಲಚ್ಚು’ ಎಂಬ ಮಾತು ಕೇಳಿದವರಿಗೆ ಇಂಥದೇ ಕೆತ್ತನೆ ನೆನಪಾಗುವುದು ಸಹಜ. ಆದರೆ ಕಲ್ಲಚ್ಚಿನಲ್ಲಿ ಕಲ್ಲನ್ನು ಕೆತ್ತುವುದೇ ಇಲ್ಲ.

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಬವೇರಿಯಾ ಪ್ರಾಂತದಲ್ಲಿ ಅಲೋಯ್ಸ್ ಸೆನೆಫೆಲ್ಡರ್ ಈ ವಿಧಾನವನ್ನು ಕಂಡುಹಿಡಿದನು. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರಹವನ್ನು ಮೂಡಿಸಿ, ಕಲ್ಲನ್ನು ನೀರಿನಿಂದ ಒದ್ದೆ ಮಾಡುತ್ತಾರೆ. ಜಿಡ್ಡಿರುವಲ್ಲಿ ನೀರು ನಿಲ್ಲುವುದಿಲ್ಲ. ಮಸಿಯ ಉರುಳೆ ಹಾಯಿಸಿದಾಗ ಅಕ್ಷರಗಳಿಗೆ ಮಾತ್ರ ಮಸಿ ಹತ್ತುತ್ತದೆ. ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಆರಂಭಿಸಿದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಮುದ್ರಣಗೊಂಡದ್ದು ಹೀಗೆಯೇ, ಬಾಸೆಲ್ ಮಿಶನ್ನಿನ ಕಲ್ಲಚ್ಚಿನಲ್ಲಿ. ಕೈಬರಹದಲ್ಲಿ ಮೂಡಿದ ಒತ್ತು, ಕೊಂಬು, ದೀರ್ಘಗಳೆಲ್ಲ ಹಾಗೆಯೇ ಕಾಗದಕ್ಕೆ ಇಳಿಯುತ್ತಿದ್ದವು.

ಅನಂತರ ಸೀಸದ ಅಚ್ಚುಮೊಳೆಗಳು ಬಂದವು. ಕನ್ನಡಕ್ಕೆ ಇಂಗ್ಲಿಷಿಗಿಂತ ಎಷ್ಟೋ ಹೆಚ್ಚು ಮೊಳೆಗಳು ಬೇಕು. ತಿರುವು ಮುರುವಾದ ಅಕ್ಷರಗಳನ್ನು ನೂರಾರು ಗೂಡುಗಳಿಂದ ಹೆಕ್ಕಿ, ಸಾಲು ಸಾಲಾಗಿ ಜೋಡಿಸುವ ಮೊಳೆಜೋಡಕರ ಕೈಚಳಕವೇ ಮುದ್ರಣಾಲಯದ ಬಂಡವಾಳವಾಗಿತ್ತು. ಜೋಡಿಸಿದ ಸಾಲುಗಳನ್ನು ಇಡುವ ತಟ್ಟೆ ‘ಗ್ಯಾಲಿ’; ತಿದ್ದಲೆಂದು ತೆಗೆದ ಮೊದಲ ಪ್ರತಿ ‘ಕರಡಚ್ಚು’. ಸಾಲುಗಳ ನಡುವೆ ಸೀಸದ ಪಟ್ಟಿಯನ್ನು ಇಡುತ್ತಿದ್ದರು. ಇಂದಿಗೂ ಕಂಪ್ಯೂಟರಿನಲ್ಲಿ ಸಾಲುಗಳ ಅಂತರಕ್ಕೆ ‘ಲೆಡಿಂಗ್’ ಎನ್ನುವುದು ಆ ಸೀಸದ ನೆನಪಿನಿಂದ. ಅಚ್ಚಿನ ತಪ್ಪಿಗೆ ನಾವಿಟ್ಟ ಹೆಸರಂತೂ ಸೊಗಸು: ‘ಮುದ್ರಾರಾಕ್ಷಸ’. ವಿಶಾಖದತ್ತನ ಆ ನಾಟಕದಲ್ಲಿ ಮುದ್ರೆ ಎಂದರೆ ಉಂಗುರ, ರಾಕ್ಷಸ ಎಂದರೆ ಒಬ್ಬ ಮಂತ್ರಿ. ನಮ್ಮ ಮುದ್ರಣಾಲಯದಲ್ಲಿ ಅವನು ನಿಜವಾಗಿಯೂ ರಾಕ್ಷಸನಾದ!

ಮಣಿಪಾಲದಲ್ಲಿ 1941ರಲ್ಲಿ ಮಣಿಪಾಲ ಪವರ್ ಪ್ರೆಸ್ ಸ್ಥಾಪನೆಯಾಯಿತು. 1970ರಲ್ಲಿ ಅದೇ ಊರಿನಿಂದ ‘ಉದಯವಾಣಿ’ ಹೊರಟಿತು. ಮುಂದೆ ಆಫ್‌ಸೆಟ್ ಎಲ್ಲೆಡೆ ಹರಡಿದಾಗ ಜನ ಅದನ್ನು ತೀರ ಹೊಸದೆಂದು ಭಾವಿಸಿದರು. ವಾಸ್ತವವಾಗಿ ಅದು ಕಲ್ಲಚ್ಚಿನ ಸಂತಾನ. ಕಲ್ಲಿನ ಬದಲು ತೆಳುವಾದ ಲೋಹದ ಫಲಕ ಬಂತು. ನೀರು ಮತ್ತು ಜಿಡ್ಡಿನ ವೈರ ಮಾತ್ರ ಹಾಗೆಯೇ ಉಳಿಯಿತು. ಫಲಕದ ಮಸಿ ನೇರವಾಗಿ ಕಾಗದಕ್ಕೆ ಹೋಗದೆ ಮೊದಲು ರಬ್ಬರ್ ಹಾಳೆಗೆ, ಅಲ್ಲಿಂದ ಕಾಗದಕ್ಕೆ ದಾಟುತ್ತದೆ. ‘ಆಫ್‌ಸೆಟ್’ ಎಂಬ ಹೆಸರು ಬಂದದ್ದು ಇದರಿಂದಲೇ.

ಮೊಳೆಜೋಡಕರ ವೃತ್ತಿ ಈಗ ಮುಗಿದ ಅಧ್ಯಾಯ. ತಿರುಗುಮುರುಗಾದ ಕನ್ನಡವನ್ನು ಸರಾಗವಾಗಿ ಓದಬಲ್ಲ ಕಣ್ಣುಗಳು ವಿರಳವಾಗುತ್ತಿವೆ. ಅವರ ನಾಲಗೆಯ ಮೇಲಿದ್ದ ಮಾತುಗಳನ್ನು ಕೇಳಿ ಬರೆದಿಡದಿದ್ದರೆ, ಉಡುಪಿಯ ಪರ್ಯಾಯದ ಆಮಂತ್ರಣವಾಗಲಿ, ಕಾಪುವಿನ ಮಾರಿಪೂಜೆಯ ಕರಪತ್ರವಾಗಲಿ ಯಾವ ದಾರಿಯಿಂದ ನಮ್ಮ ಕೈಸೇರಿತೆಂದು ಮಕ್ಕಳಿಗೆ ಹೇಳಲು ನಮ್ಮ ಬಳಿ ಪದಗಳೇ ಇರಲಾರವು.