ಕಸೂತಿಗೆ ಒದಗುವ ಅಡುಗೆಮನೆಯ ವಸ್ತ್ರ

ಧಾರವಾಡ, ಬಿಜಾಪುರಗಳ ಕಡೆಯಿಂದ ಪುಣೆ ಪ್ರಾಂತಕ್ಕೆ ಬಂದು ನೆಲೆಸಿದ ನಮ್ಮ ಮನೆಗಳಲ್ಲಿ ಕಸೂತಿಯೆಂಬುದು ಈಗ ಹೆಚ್ಚಾಗಿ ಟ್ರಂಕಿನೊಳಗಿನ ಸಂಗತಿ. ಅಜ್ಜಿಯ ಚಂದ್ರಕಾಳಿ ಸೀರೆಯನ್ನು ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿ, ಸೆರಗಿನ ಆನೆ, ಅಂಬಾರಿ, ಗೋಪುರ, ತುಳಸಿಕಟ್ಟೆಗಳನ್ನು ಮಕ್ಕಳಿಗೆ ತೋರಿಸಿ ಮತ್ತೆ ಮಡಿಸಿಡುತ್ತೇವೆ. ಇಲ್ಲಿಯೇ ಹುಟ್ಟಿ ಬೆಳೆದ ಹೆಣ್ಣುಮಕ್ಕಳಿಗೆ ಅದರಲ್ಲಿ ಆಸಕ್ತಿಯಿಲ್ಲವೆಂದು ಹಿರಿಯರು ದೂರುವುದುಂಟು. ಆಸಕ್ತಿಗಿಂತ ಮೊದಲು ಕೊರತೆಯಾದದ್ದು ಬಟ್ಟೆಯೆಂದು ನಮ್ಮ ಅಭಿಪ್ರಾಯ.

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಅರಸರ ವಸ್ತ್ರೋಪಭೋಗಕ್ಕೇ ಒಂದು ಪ್ರಕರಣವನ್ನು ಮೀಸಲಿಟ್ಟಿದ್ದಾನೆ. ಗೃಹಿಣಿಯರ ಸೂಜಿಯ ಚರಿತ್ರೆಯನ್ನು ತಿಳಿಯಬೇಕಾದರೆ ಮಾತ್ರ ಗ್ರಂಥಕ್ಕಿಂತ ಬಟ್ಟೆಯನ್ನೇ ಬಿಡಿಸಿ ನೋಡುವುದು ಲೇಸು. ಕಸೂತಿಯಲ್ಲಿ ಗವಂತಿ, ಮುರಗಿ, ನೇಯ್ಗೆ, ಮೆಂತೆ ಎಂದು ನಾಲ್ಕು ಹೊಲಿಗೆಗಳು. ಪೆನ್ಸಿಲಿನಿಂದ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸುತ್ತಲೇ ಸೂಜಿ ಸಾಗಬೇಕು. ಗಂಟು ಹಾಕುವಂತಿಲ್ಲ. ಗವಂತಿಯಲ್ಲಂತೂ ಹೋದ ದಾರಿಯಲ್ಲೇ ಹಿಂದಿರುಗಿ ಬಿಟ್ಟ ಎಡೆಗಳನ್ನು ತುಂಬುವುದರಿಂದ ಎರಡು ಮಗ್ಗುಲೂ ಒಂದೇ ರೂಪ. ಯುರೋಪಿನವರು ಇದೇ ಹೊಲಿಗೆಗೆ ಹೋಲ್ಬೈನನ ಹೆಸರಿಟ್ಟಿದ್ದಾರೆ. 1543ರಲ್ಲಿ ತೀರಿಕೊಂಡ ಆ ಚಿತ್ರಕಾರನು ಬರೆದ ಭಾವಚಿತ್ರಗಳಲ್ಲಿ ಅಂಗಿಯ ತೋಳಿನ ಅಂಚಿಗೆ ಇಂಥ ಕೆಲಸ ಕಾಣುತ್ತದೆ.

ಹೀಗಾಗಿ ಈ ಕಲೆಗೆ ಬೇಕಾದದ್ದು ಎಣಿಸಲು ಬರುವ ಸಾದಾ ನೇಯ್ಗೆಯ ಬಟ್ಟೆ. ಇಳಕಲ್ಲಿನ ಮಗ್ಗವು ಅದನ್ನು ಒದಗಿಸುತ್ತಿತ್ತು. ಆದರೆ ಮದುವೆಯ ಸೀರೆಯ ಮೇಲೆ ಯಾವ ತಾಯಿ ಮಗಳಿಗೆ ಮೊದಲ ಪಾಠ ಹೇಳಿಯಾಳು? ಕಲಿಕೆ ನಡೆಯುತ್ತಿದ್ದದ್ದು ಹಳೆಯ ಸೀರೆ, ಧೋತರಗಳ ತುಂಡುಗಳ ಮೇಲೆ, ಕೈಮಗ್ಗದ ಚೌಕಗಳ ಮೇಲೆ. ಟೆರಿಲಿನ್, ನೈಲಾನ್ ಬಂದ ಮೇಲೆ ಆ ತುಂಡುಗಳೇ ಮನೆಯಿಂದ ಮಾಯವಾದವು.

ಅಡುಗೆಮನೆಯ ಟವಲು ಆ ಸ್ಥಾನವನ್ನು ತುಂಬಬಹುದಿತ್ತು. ಆದರೆ ನಾವಿರುವ ಶಿರೂರಿನ ಪೇಟೆಯಲ್ಲಿ ಟವಲು ಎಂದೊಡನೆ ಅಂಗಡಿಯವರು ಮುಂದಿಡುವುದು ಸೊಲ್ಲಾಪುರದ ಟರ್ಕಿಶ್ ಟವಲನ್ನು. ಹೆಸರು ಸುಳ್ಳಲ್ಲ. ಟರ್ಕಿಯ ಬುರ್ಸಾ ಪಟ್ಟಣದ ಕುಣಿಕೆನೂಲಿನ ಬಟ್ಟೆಯನ್ನು ಕಂಡ ಇಂಗ್ಲೆಂಡಿನ ಕ್ರಿಸ್ಟಿ ಮನೆತನದವರು ಅದನ್ನು ಯಂತ್ರದಿಂದ ನೇಯಿಸಿ 1851ರ ಲಂಡನ್ ಮಹಾಪ್ರದರ್ಶನದಲ್ಲಿ ಇಟ್ಟಿದ್ದರು. 1877ರಲ್ಲಿ ಮೊದಲ ಗಿರಣಿಯನ್ನು ಕಂಡ ಸೊಲ್ಲಾಪುರವು ಮುಂದೆ ಚಾದರದಂತೆ ಈ ಟವಲಿಗೂ ಹೆಸರಾಯಿತು. ನೀರು ಹೀರುವುದರಲ್ಲಿ ಅದಕ್ಕೆ ಸಮನಿಲ್ಲ. ಕಸೂತಿಗೆ ಮಾತ್ರ ಕುಣಿಕೆಗಳ ಕಾಡಿನಲ್ಲಿ ಎಳೆ ಎಣಿಸುವುದು ಯಾರಿಂದಲೂ ಆಗದು.

1985ರಲ್ಲಿ ಸಂಸತ್ತು ಕೆಲವು ವಸ್ತುಗಳನ್ನು ಕೈಮಗ್ಗಕ್ಕೆ ಮೀಸಲಿಡುವ ಕಾಯಿದೆ ಮಾಡಿತು. 22 ಬಗೆಗಳಿದ್ದ ಪಟ್ಟಿ ಮುಂದೆ 11ಕ್ಕೆ ಇಳಿದಾಗಲೂ ಟವಲು, ಅಂಗವಸ್ತ್ರಗಳು ಅದರಲ್ಲಿ ಉಳಿದವು. ಪಟ್ಟಿಯಲ್ಲಿರುವುದಕ್ಕೂ ಪೇಟೆಯಲ್ಲಿ ಸಿಗುವುದಕ್ಕೂ ಇರುವ ಅಂತರ ಕಡತಗಳ ನಡುವೆ ಬದುಕುವ ನಮಗೆ ಹೊಸದಲ್ಲ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಮರಾಠಿಯಲ್ಲಿ ಮಾಂಜರಪಾಟ್ ಎನ್ನುವ ಕೋರಾ ಬಟ್ಟೆ ಅಗ್ಗ, ಗಟ್ಟಿ. ಆದರೆ ಕೊಳ್ಳುವ ಮುನ್ನ ಒಂದು ಅಂಗುಲದಲ್ಲಿ ಹಾಸು ಎಷ್ಟು, ಹೊಕ್ಕು ಎಷ್ಟು ಎಂದು ಗುಂಡುಸೂಜಿಯಿಂದ ಎಣಿಸತಕ್ಕದ್ದು. ಹಾಸು 40, ಹೊಕ್ಕು 30 ಇದ್ದರೆ, ಉದ್ದಗಲ ಎರಡೂ 60 ಎಳೆಯ ಗೋಪುರವು ಅಗಲದಲ್ಲಿ ಒಂದೂವರೆ ಅಂಗುಲ, ಎತ್ತರದಲ್ಲಿ ಎರಡು ಅಂಗುಲ ಆಗುತ್ತದೆ. ಗೋಪುರಕ್ಕೆ ಅದು ಶೋಭೆಯೇ ಇರಬಹುದು, ಆನೆ ಒಂಟೆಯಾದೀತು! ಖಾದಿಯಲ್ಲಿ ರಂಧ್ರಗಳು ಚೆನ್ನಾಗಿ ಕಾಣುತ್ತವೆ. ಧಾರವಾಡದ ಬಳಿಯ ಗರಗ, 1957ರಲ್ಲಿ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಆರಂಭವಾದ ಸಂಯುಕ್ತ ಸಂಘ, ಇವು ರಾಷ್ಟ್ರಧ್ವಜದ ಖಾದಿಗೆ ಪ್ರಸಿದ್ಧವಾದವು. ಸಾಧಾರಣ ಖಾದಿಯ ನೂಲು ಒಮ್ಮೆ ದಪ್ಪ, ಒಮ್ಮೆ ಸಣ್ಣ. ಆದ್ದರಿಂದ ಸಣ್ಣ ಹೂವು, ನಕ್ಷತ್ರಗಳಿಗಷ್ಟೇ ಸೂಕ್ತ. ಶಾಲೆಗಳಲ್ಲಿ ಬಳಸುವ ಮ್ಯಾಟಿ ಬಟ್ಟೆ ಎಣಿಕೆಗೆ ಎಲ್ಲಕ್ಕಿಂತ ಸುಲಭ. ನಮ್ಮ ಹುಡುಗಿಯರು ಅದರ ಮೇಲೆ ‘ಕ್ರಾಸ್ ಸ್ಟಿಚ್’ ಹಾಕುತ್ತಾರೆ. ಅದು ಮನೆಯ ಮೆಂತೆಯೇ ಎಂದು ಹೇಳುವವರು ಬೇಕು.

ಕೋರಾ ಬಟ್ಟೆಯ ಗಂಜಿಯನ್ನು ಬಿಸಿನೀರಿನಲ್ಲಿ ಒಗೆದು ತೆಗೆದ ಮೇಲೆಯೇ ಸೂಜಿ ಹಿಡಿಯಬೇಕು. ಇಲ್ಲವಾದರೆ ಮೊದಲ ಒಗೆತಕ್ಕೆ ಬಟ್ಟೆ ಕುಗ್ಗಿ ಕಸೂತಿ ಸುಕ್ಕಾಗುತ್ತದೆ. ಕೆಂಪು ದಾರವನ್ನು ಒದ್ದೆ ಮಾಡಿ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡಿದರೆ ಬಣ್ಣ ಬಿಡುವುದೋ ಇಲ್ಲವೋ ತಿಳಿಯುತ್ತದೆ. ಉದ್ದನೆಯ ನೇಯ್ಗೆ ಹೊಲಿಗೆ ಪಾತ್ರೆಯ ಹಿಡಿಗೆ ಸಿಕ್ಕಿಕೊಳ್ಳುವುದರಿಂದ ಟವಲಿಗೆ ಗವಂತಿ, ಮುರಗಿಗಳೇ ಮೇಲು. ಅದನ್ನೂ ಅಂಚಿನ ಉದ್ದಕ್ಕೆ ಒಂದು ಸಾಲು ಹಾಕಿದರೆ ಸಾಕು. ನಡುಭಾಗ ಒರೆಸಲು ಬೇಕಷ್ಟೆ.