ಸಣ್ಣ ಖಾಸಗಿ ವಿಮಾನಗಳಿಗೆ ಹೊಸ ಏವಿಯಾನಿಕ್ಸ್ ಉಪಕರಣಗಳ ಅಳವಡಿಕೆ: ವೆಚ್ಚ ಮತ್ತು ಅನುಮತಿ ಕುರಿತ ಮಾಹಿತಿ

ಹಾಸನ ಜಿಲ್ಲೆಯ ಅರಸೀಕೆರೆ, ಬೇಲೂರು ಮತ್ತು ಹಳೇಬೀಡು ಭಾಗಗಳಲ್ಲಿ ವಾಸವಿದ್ದು ಸಣ್ಣ ಖಾಸಗಿ ವಿಮಾನವನ್ನು ಹೊಂದಿರುವ ಅಥವಾ ಹಳೆಯ ವಿಮಾನವನ್ನು ಖರೀದಿಸಲು ಇಚ್ಛಿಸುವ ನಾಗರಿಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಉಪಕರಣದ ಬೆಲೆಯೇ ಒಟ್ಟು ವೆಚ್ಚವಲ್ಲ ಹಾಗೂ ಅನುಮತಿಯ ಮಾರ್ಗವನ್ನು ತಿಳಿಯದೆ ಉಪಕರಣವನ್ನು ಖರೀದಿಸಬಾರದು ಎಂಬ ಎರಡು ಅಂಶಗಳನ್ನು ಅರ್ಜಿದಾರರು ಮೊದಲಿಗೆ ಗಮನಿಸತಕ್ಕದ್ದು.

1. ಏವಿಯಾನಿಕ್ಸ್ ಎಂದರೇನು?

ವಿಮಾನದಲ್ಲಿರುವ ವಿದ್ಯುನ್ಮಾನ ಉಪಕರಣಗಳನ್ನು ಒಟ್ಟಾಗಿ ಏವಿಯಾನಿಕ್ಸ್ ಎಂದು ಕರೆಯಲಾಗುತ್ತದೆ. ಸಂಪರ್ಕ ರೇಡಿಯೋ, ದಿಕ್ಕು ಮತ್ತು ಸ್ಥಾನವನ್ನು ತೋರಿಸುವ ಜಿಪಿಎಸ್ ಗ್ರಾಹಕ, ರೇಡಾರ್‌ಗೆ ಉತ್ತರ ನೀಡುವ ಟ್ರಾನ್ಸ್‌ಪಾಂಡರ್, ಅಪಘಾತದ ಸಂದರ್ಭದಲ್ಲಿ ಸಂಕೇತ ಹೊರಡಿಸುವ ಇಎಲ್‌ಟಿ, ಹಾರಾಟದ ಮಾಹಿತಿ ತೋರಿಸುವ ಪರದೆ ಹಾಗೂ ಆಟೋಪೈಲಟ್ ಇವುಗಳಲ್ಲಿ ಮುಖ್ಯವಾದವು. ಹಳೆಯ ವಿಮಾನಗಳಲ್ಲಿ ಇವುಗಳ ಪೈಕಿ ಕೆಲವು ಇರುವುದಿಲ್ಲ. ಇದ್ದರೂ ಇಂದಿನ ನಿಯಮಗಳಿಗೆ ಸಾಲದಿರಬಹುದು.

2. ಹಾಸನ ಜಿಲ್ಲೆ ಮತ್ತು ಗಗನ್ ವ್ಯವಸ್ಥೆ

ಜಿಪಿಎಸ್ ಸಂಕೇತದ ದೋಷಗಳನ್ನು ತಿದ್ದಿ ವಿಮಾನಗಳಿಗೆ ಹೆಚ್ಚು ನಿಖರವಾದ ಸ್ಥಾನವನ್ನು ಒದಗಿಸುವ ಸಲುವಾಗಿ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರಗಳು ಜಂಟಿಯಾಗಿ ಗಗನ್ ವ್ಯವಸ್ಥೆಯನ್ನು ರೂಪಿಸಿವೆ. ಇದರ ಸಾಧನಗಳನ್ನು 2011ರಲ್ಲಿ ಜಿಸ್ಯಾಟ್-8, 2012ರಲ್ಲಿ ಜಿಸ್ಯಾಟ್-10 ಮತ್ತು 2015ರಲ್ಲಿ ಜಿಸ್ಯಾಟ್-15 ಉಪಗ್ರಹಗಳ ಮೂಲಕ ಕಕ್ಷೆಗೆ ಸೇರಿಸಲಾಯಿತು. ಇಂತಹ ಭೂಸ್ಥಿರ ಉಪಗ್ರಹಗಳ ನಿಯಂತ್ರಣಕ್ಕಾಗಿ ಹಾಸನದಲ್ಲಿ 1982ರಿಂದ ಮುಖ್ಯ ನಿಯಂತ್ರಣ ಕೇಂದ್ರವು ಕಾರ್ಯನಿರ್ವಹಿಸುತ್ತಿದೆ.

ಮಾರ್ಗ ಸಂಚಾರಕ್ಕಾಗಿ ಗಗನ್ ವ್ಯವಸ್ಥೆಗೆ 2013ರ ಡಿಸೆಂಬರ್ 30ರಂದು, ಇಳಿಯುವಾಗ ಎತ್ತರದ ಮಾರ್ಗದರ್ಶನ ನೀಡುವ ಸೇವೆಗೆ 2015ರ ಏಪ್ರಿಲ್ 21ರಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಪ್ರಮಾಣೀಕರಣ ನೀಡಿತು. 2022ರ ಏಪ್ರಿಲ್‌ನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ಎಟಿಆರ್-72 ವಿಮಾನವೊಂದು ಈ ಸೇವೆಯನ್ನು ಬಳಸಿ ಇಳಿಯಿತು.

ಗಗನ್ ಸಂಕೇತವನ್ನು ಪಡೆಯಲು ಶುಲ್ಕವಿರುವುದಿಲ್ಲ. ಆದರೆ ಅದನ್ನು ಗ್ರಹಿಸಬಲ್ಲ ಉಪಕರಣವು ವಿಮಾನದಲ್ಲಿರಬೇಕು. ಟಿಎಸ್‌ಒ-ಸಿ129 ಮಾನದಂಡದ ಹಳೆಯ ಜಿಪಿಎಸ್ ಗ್ರಾಹಕಗಳು ಇದಕ್ಕೆ ಒದಗುವುದಿಲ್ಲ. ಟಿಎಸ್‌ಒ-ಸಿ145 ಅಥವಾ ಸಿ146 ಮಾನದಂಡದ ಗ್ರಾಹಕಗಳು ಬೇಕಾಗುತ್ತವೆ. 2021ರ ಜುಲೈ 1ರ ನಂತರ ಭಾರತದಲ್ಲಿ ನೋಂದಣಿಯಾಗುವ ವಿಮಾನಗಳಿಗೆ ಗಗನ್ ಉಪಕರಣವನ್ನು ಅಳವಡಿಸಲು ಮಹಾನಿರ್ದೇಶನಾಲಯವು ಸೂಚಿಸಿದೆ. ಆದ್ದರಿಂದ ವಿದೇಶದಿಂದ ಹಳೆಯ ವಿಮಾನವನ್ನು ತರಿಸುವವರು ಈ ಷರತ್ತು ತಮಗೆ ಅನ್ವಯಿಸುವ ಬಗೆಯನ್ನು ಖರೀದಿಗೆ ಮುನ್ನವೇ ಖಚಿತಪಡಿಸಿಕೊಳ್ಳುವುದು ಸೂಕ್ತ.

3. ಅನುಮತಿ ನೀಡುವ ಪ್ರಾಧಿಕಾರ

ವಿಮಾನಯಾನವು ಕೇಂದ್ರ ಸರ್ಕಾರದ ವಿಷಯವಾಗಿದೆ. 2025ರ ಜನವರಿ 1ರಿಂದ ಜಾರಿಯಲ್ಲಿರುವ ಭಾರತೀಯ ವಾಯುಯಾನ ಅಧಿನಿಯಮ, 2024 ಈ ಕುರಿತ ಮೂಲ ಕಾಯಿದೆಯಾಗಿದೆ. ಉಪಕರಣ ಅಳವಡಿಕೆಗೆ ತಾಲ್ಲೂಕು ಕಚೇರಿ, ಜಿಲ್ಲಾಧಿಕಾರಿಗಳ ಕಚೇರಿ ಅಥವಾ ಸಾರಿಗೆ ಕಚೇರಿಯಲ್ಲಿ ಅರ್ಜಿ ಸ್ವೀಕರಿಸಲಾಗುವುದಿಲ್ಲ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವೇ ಸಕ್ಷಮ ಪ್ರಾಧಿಕಾರವಾಗಿದ್ದು, ಬೆಂಗಳೂರಿನಲ್ಲಿ ಅದರ ಪ್ರಾದೇಶಿಕ ಕಚೇರಿ ಇದೆ. ಅರ್ಜಿಗಳನ್ನು ಇ-ಜಿಸಿಎ ಜಾಲತಾಣದ ಮೂಲಕ ಸಲ್ಲಿಸಬಹುದಾಗಿದೆ. ವಿಮಾನದ ರೇಡಿಯೋ ಪರವಾನಗಿಯು ದೂರಸಂಪರ್ಕ ಇಲಾಖೆಗೆ ಸಂಬಂಧಿಸಿದ್ದು, ರೇಡಿಯೋ ಉಪಕರಣ ಬದಲಾದಲ್ಲಿ ಪರವಾನಗಿಯಲ್ಲಿಯೂ ತಿದ್ದುಪಡಿ ಅಗತ್ಯವೇ ಎಂಬುದನ್ನು ವಿಚಾರಿಸತಕ್ಕದ್ದು.

ಅನುಮೋದನೆಯಿಲ್ಲದೆ ಮಾರ್ಪಡಿಸಿದ ವಿಮಾನದ ಹಾರಾಟ ಯೋಗ್ಯತಾ ಪ್ರಮಾಣಪತ್ರಕ್ಕೆ ಬಾಧೆಯುಂಟಾಗುತ್ತದೆ. ವಿಮಾನವು ನೆಲದಲ್ಲಿಯೇ ಉಳಿಯುವುದಲ್ಲದೆ ವಿಮಾ ಪರಿಹಾರ ಪಡೆಯುವಲ್ಲಿಯೂ ತೊಡಕಾಗಬಹುದು.

4. ವೆಚ್ಚದ ಬಾಬುಗಳು

ಅ) ಉಪಕರಣದ ಬೆಲೆ, ಸಾಗಣೆ ಹಾಗೂ ವಿದೇಶಿ ವಿನಿಮಯದ ವ್ಯತ್ಯಾಸ.
ಆ) ಸೀಮಾ ಸುಂಕ ಮತ್ತು ಸರಕು ಹಾಗೂ ಸೇವಾ ತೆರಿಗೆ.
ಇ) ಆಂಟೆನಾ, ತಂತಿ ಜೋಡಣೆ, ಸರ್ಕ್ಯೂಟ್ ಬ್ರೇಕರ್ ಮತ್ತು ಉಪಕರಣ ಫಲಕದ ಕೆಲಸ.
ಈ) ಅನುಮೋದಿತ ನಿರ್ವಹಣಾ ಸಂಸ್ಥೆಯ ಕೂಲಿ.
ಉ) ವಿನ್ಯಾಸ ಅನುಮೋದನೆಯ ದಾಖಲೆಗಳು, ವಿದ್ಯುತ್ ಹೊರೆಯ ಲೆಕ್ಕ, ತೂಕ ಮತ್ತು ಸಮತೋಲನದ ಪರಿಷ್ಕೃತ ಪಟ್ಟಿ ಹಾಗೂ ಹಾರಾಟ ಕೈಪಿಡಿಯ ಪುರವಣಿ.
ಊ) ಪರೀಕ್ಷೆ, ಹ್ಯಾಂಗರ್ ಬಾಡಿಗೆ ಮತ್ತು ವಿಮಾನವನ್ನು ಕೊಂಡೊಯ್ದು ತರುವ ಖರ್ಚು.

ಇವುಗಳಲ್ಲಿ 'ಉ' ಬಾಬಿನ ವೆಚ್ಚವೇ ಹೆಚ್ಚು ಏರಿಳಿತವಾಗುವಂತಹುದು. ಆಯಾ ಮಾದರಿಯ ವಿಮಾನಕ್ಕೆ ಆಯಾ ಉಪಕರಣವನ್ನು ಅಳವಡಿಸಲು ಎಸ್‌ಟಿಸಿ ಎಂಬ ಪೂರಕ ಪ್ರಮಾಣಪತ್ರವು ಈಗಾಗಲೇ ಇದ್ದು, ಅದು ಭಾರತದಲ್ಲಿ ಅಂಗೀಕಾರಾರ್ಹವಾಗಿದ್ದಲ್ಲಿ ಸಿದ್ಧ ನಕ್ಷೆ ಮತ್ತು ಸೂಚನೆಗಳನ್ನು ಬಳಸಬಹುದು. ಇಲ್ಲವಾದಲ್ಲಿ ಒಂದೇ ವಿಮಾನಕ್ಕಾಗಿ ಹೊಸದಾಗಿ ವಿನ್ಯಾಸ ಸಿದ್ಧಪಡಿಸಬೇಕಾಗುತ್ತದೆ. ಆಗ ದಾಖಲೆಗಳ ವೆಚ್ಚವು ಉಪಕರಣದ ಬೆಲೆಯನ್ನೇ ಮೀರಬಹುದು.

5. ಲೆಕ್ಕಾಚಾರದ ಮಾದರಿ

ಕೆಳಗಿನ ಅಂಕಿಗಳು ಲೆಕ್ಕದ ಕ್ರಮವನ್ನು ತೋರಿಸಲು ಊಹಿಸಿಕೊಂಡವುಗಳಾಗಿದ್ದು, ಮಾರುಕಟ್ಟೆಯ ದರಗಳಲ್ಲ. ಸೀಮಾ ಸುಂಕವನ್ನು ಇದರಲ್ಲಿ ಸೇರಿಸಿರುವುದಿಲ್ಲ.

ಉಪಕರಣದ ಬೆಲೆ: ರೂ. 5,00,000
ಶೇ. 5ರಂತೆ ತೆರಿಗೆ: ರೂ. 25,000
ಆಂಟೆನಾ, ತಂತಿ ಇತ್ಯಾದಿ: ರೂ. 60,000
ಕೂಲಿ, 40 ಗಂಟೆಗಳಿಗೆ ತಲಾ ರೂ. 3,000ದಂತೆ: ರೂ. 1,20,000
ದಾಖಲೆ ಮತ್ತು ಅನುಮೋದನೆ: ರೂ. 75,000
ಪರೀಕ್ಷೆ, ಸಾಗಾಟ, ಹ್ಯಾಂಗರ್: ರೂ. 80,000
ಒಟ್ಟು: ರೂ. 8,60,000

ಐದು ಲಕ್ಷ ರೂಪಾಯಿ ಸಿದ್ಧಮಾಡಿಕೊಂಡು ಕೆಲಸ ಆರಂಭಿಸಿದವರ ವಿಮಾನವು ಫಲಕ ಬಿಚ್ಚಿದ ಸ್ಥಿತಿಯಲ್ಲಿ ನಿಲ್ಲುವ ಸಂಭವವಿರುವುದನ್ನು ಈ ಮಾದರಿಯಿಂದ ತಿಳಿಯಬಹುದು.

6. ತೆರಿಗೆಯ ವಿವರ

ವಿಮಾನದ ಬಿಡಿಭಾಗಗಳ ಆಮದಿನ ಮೇಲೆ 2024ರ ಜುಲೈ 15ರಿಂದ ನಿರ್ದಿಷ್ಟ ಷರತ್ತುಗಳಿಗೆ ಒಳಪಟ್ಟು ಶೇ. 5ರ ಏಕರೂಪ ಸಮಗ್ರ ಸರಕು ಮತ್ತು ಸೇವಾ ತೆರಿಗೆಯನ್ನು ನಿಗದಿಪಡಿಸಲಾಗಿದೆ. ಷರತ್ತು ಪೂರೈಸದಿದ್ದಲ್ಲಿ ದರವು ಬದಲಾಗುತ್ತದೆ. ಮೇಲಿನ ಮಾದರಿಯಲ್ಲಿ ತೆರಿಗೆಯು ಶೇ. 18 ಆದಲ್ಲಿ ರೂ. 25,000ದ ಬದಲು ರೂ. 90,000 ಆಗಿ, ಒಟ್ಟು ವೆಚ್ಚವು ರೂ. 65,000ದಷ್ಟು ಏರುತ್ತದೆ. ಆದ್ದರಿಂದ ಉಪಕರಣವನ್ನು ಯಾರ ಹೆಸರಿನಲ್ಲಿ, ಯಾವ ಉದ್ದೇಶಕ್ಕೆ ಆಮದು ಮಾಡಿಕೊಳ್ಳಲಾಗುತ್ತದೆ ಎಂಬುದನ್ನು ತೆರಿಗೆ ಸಲಹೆಗಾರರಿಂದ ಮೊದಲೇ ತಿಳಿದುಕೊಳ್ಳುವುದು ಸೂಕ್ತ.

7. ಇಎಲ್‌ಟಿ ಮತ್ತು ಟ್ರಾನ್ಸ್‌ಪಾಂಡರ್

121.5 ಮೆಗಾಹರ್ಟ್ಸ್ ಸಂಕೇತಗಳನ್ನು ಉಪಗ್ರಹಗಳು 2009ರ ಫೆಬ್ರವರಿ 1ರಿಂದ ಗಮನಿಸುತ್ತಿಲ್ಲ. ಆ ಆವರ್ತನದಲ್ಲಿ ಮಾತ್ರ ಕೆಲಸ ಮಾಡುವ ಹಳೆಯ ಇಎಲ್‌ಟಿ ಹೊಂದಿದ ವಿಮಾನವು ಪಶ್ಚಿಮ ಘಟ್ಟದ ಕಾಡಿನಲ್ಲಿ ಬಿದ್ದಲ್ಲಿ ಉಪಗ್ರಹದ ಮೂಲಕ ಸುಳಿವು ದೊರೆಯುವುದಿಲ್ಲ. 406 ಮೆಗಾಹರ್ಟ್ಸ್ ಉಪಕರಣವನ್ನು ಅಳವಡಿಸಿದ ನಂತರ ಅದರ ಸಂಕೇತ ಸಂಖ್ಯೆಯನ್ನು ಬೆಂಗಳೂರಿನ ಇಸ್ಟ್ರಾಕ್‌ನಲ್ಲಿರುವ ಭಾರತೀಯ ಮಿಷನ್ ನಿಯಂತ್ರಣ ಕೇಂದ್ರದಲ್ಲಿ ನೋಂದಾಯಿಸತಕ್ಕದ್ದು. ನೋಂದಣಿಯಾಗದಿದ್ದಲ್ಲಿ ವಿಮಾನದ ಮಾಲೀಕರನ್ನು ಗುರುತಿಸಿ ಸಂಪರ್ಕಿಸುವುದು ವಿಳಂಬವಾಗುತ್ತದೆ. ಮೋಡ್-ಎಸ್ ಟ್ರಾನ್ಸ್‌ಪಾಂಡರ್‌ನಲ್ಲಿ ಆ ವಿಮಾನಕ್ಕೆ ನೀಡಲಾದ 24 ಬಿಟ್‌ಗಳ ವಿಳಾಸವನ್ನೇ ದಾಖಲಿಸಬೇಕು. ಬೇರೆ ವಿಮಾನದಿಂದ ತೆಗೆದ ಉಪಕರಣದಲ್ಲಿ ಹಳೆಯ ವಿಳಾಸವು ಉಳಿದಿರಬಹುದು.

8. ಸ್ಥಳೀಯ ಅರ್ಜಿದಾರರಿಗೆ ವಿಶೇಷ ಸೂಚನೆ

ಅರಸೀಕೆರೆ, ಬೇಲೂರು ಮತ್ತು ಹಳೇಬೀಡುಗಳಲ್ಲಿ ವಿಮಾನ ನಿಲ್ದಾಣವಿರುವುದಿಲ್ಲ. ವಿಮಾನವನ್ನು ಬೆಂಗಳೂರಿನ ಜಕ್ಕೂರು, ಮೈಸೂರು ಅಥವಾ 2023ರಲ್ಲಿ ಆರಂಭವಾದ ಶಿವಮೊಗ್ಗ ನಿಲ್ದಾಣದಂತಹ ಕಡೆ ಇರಿಸಬೇಕಾಗುವುದರಿಂದ, ಅಳವಡಿಕೆ ನಡೆಯುವ ಸ್ಥಳಕ್ಕೆ ಕೊಂಡೊಯ್ಯುವ ಇಂಧನ, ಪೈಲಟ್ ಮತ್ತು ನಿಲುಗಡೆ ಶುಲ್ಕಗಳನ್ನು ಲೆಕ್ಕಕ್ಕೆ ಸೇರಿಸತಕ್ಕದ್ದು. ವಾರ್ಷಿಕ ತಪಾಸಣೆಗೆ ವಿಮಾನದ ಫಲಕಗಳನ್ನು ಹೇಗೂ ಬಿಚ್ಚುವುದರಿಂದ, ಅದೇ ಅವಧಿಯಲ್ಲಿ ಅಳವಡಿಕೆಯನ್ನೂ ಮಾಡಿಸಿದಲ್ಲಿ ಕೂಲಿ ಮತ್ತು ಸಾಗಾಟದ ವೆಚ್ಚವು ಉಳಿಯುತ್ತದೆ.

9. ಮುಂಗಡ ಪಾವತಿಗೆ ಮುನ್ನ ಲಿಖಿತವಾಗಿ ಪಡೆಯಬೇಕಾದ ವಿವರಗಳು

ಅ) ವಿಮಾನದ ಮಾದರಿ ಮತ್ತು ಕ್ರಮ ಸಂಖ್ಯೆಗೆ ಎಸ್‌ಟಿಸಿ ಅನ್ವಯಿಸುತ್ತದೆಯೇ ಎಂಬ ದೃಢೀಕರಣ.
ಆ) ನಿರ್ವಹಣಾ ಸಂಸ್ಥೆಯ ಅನುಮೋದನೆಯ ವ್ಯಾಪ್ತಿಯಲ್ಲಿ ಈ ಕೆಲಸ ಸೇರಿದೆಯೇ ಎಂಬ ವಿವರ.
ಇ) ಎಲ್ಲ ಬಾಬುಗಳನ್ನು ಒಳಗೊಂಡ ಅಂದಾಜು ಪಟ್ಟಿ ಮತ್ತು ಕಾಲಾವಧಿ.
ಈ) ಉಪಕರಣದೊಂದಿಗೆ ಅಧಿಕೃತ ಬಿಡುಗಡೆ ಪ್ರಮಾಣಪತ್ರ ದೊರೆಯುವ ಬಗ್ಗೆ ಖಾತರಿ. ಈ ಪ್ರಮಾಣಪತ್ರವಿಲ್ಲದ ಅಗ್ಗದ ಹಳೆಯ ಉಪಕರಣವನ್ನು ಅನುಮೋದಿತ ಸಂಸ್ಥೆಗಳು ಅಳವಡಿಸುವಂತಿಲ್ಲ.

ಶುಲ್ಕ ಮತ್ತು ನಿಯಮಗಳು ಕಾಲಕಾಲಕ್ಕೆ ಪರಿಷ್ಕರಣೆಗೊಳ್ಳುವುದರಿಂದ, ಅರ್ಜಿ ಸಲ್ಲಿಸುವ ದಿನದಂದು ಜಾರಿಯಲ್ಲಿರುವ ಆದೇಶಗಳನ್ನು ಮಹಾನಿರ್ದೇಶನಾಲಯದ ಕಚೇರಿಯಲ್ಲಿ ಪರಿಶೀಲಿಸಿಕೊಳ್ಳಲು ಅರ್ಜಿದಾರರನ್ನು ಕೋರಲಾಗಿದೆ.