ಯಾರ ಊರೂ ಅಲ್ಲದ ಊರು

ಅಪರಿಚಿತರು ಸಿಕ್ಕಾಗ ನಾವು ಮೊದಲು ಕೇಳುವ ಪ್ರಶ್ನೆ ‘ಯಾವೂರು?’. ಆ ಪ್ರಶ್ನೆಗೆ ‘ಪೋರ್ಟ್‌ಮೆರಿಯನ್’ ಎಂದು ಉತ್ತರಿಸುವವರು ಸಿಗುವುದು ಕಷ್ಟ. ಉತ್ತರ ವೇಲ್ಸ್‌ನ ಕರಾವಳಿಯಲ್ಲಿ, ಡ್ವಿರಿಡ್ ನದಿ ಕಡಲು ಸೇರುವ ಅಳಿವೆಯ ದಂಡೆಯ ಮೇಲೆ, ಕಾಡಿನ ಮರೆಯಲ್ಲಿರುವ ಪುಟ್ಟ ಊರದು. ಗಂಟೆಗೋಪುರ, ಚೌಕ, ಪುರಭವನ, ಹಳದಿ, ನೀಲಿ, ಗುಲಾಬಿ ಬಣ್ಣದ ಮನೆಗಳು ಎಲ್ಲವೂ ಅಲ್ಲಿವೆ. ಆದರೆ ಅವೆಲ್ಲ ರಜೆ ಕಳೆಯಲು ಬರುವವರಿಗಾಗಿ ಕಟ್ಟಿದವು. ವಿಹಾರಧಾಮಗಳ ಚರಿತ್ರೆಯನ್ನು ಅಧ್ಯಯನ ಮಾಡುತ್ತಿರುವ ನನಗೆ ಈ ಊರು ಬಿಡಿಸಲಾಗದ ಒಗಟಿನಂತೆ ಕಾಡುತ್ತಿದೆ.

ಇದನ್ನು ಕಟ್ಟಿದವನು ವಾಸ್ತುಶಿಲ್ಪಿ ಕ್ಲಫ್ ವಿಲಿಯಮ್ಸ್-ಎಲಿಸ್. ತನ್ನ ಕನಸಿನ ಊರಿಗಾಗಿ ಆತ ದೂರದೂರದ ಜಾಗಗಳನ್ನು, ದ್ವೀಪಗಳನ್ನು ಹುಡುಕಿದ್ದ. ಕೊನೆಗೆ ಸಿಕ್ಕಿದ್ದು ತನ್ನ ಮನೆಯಿಂದ ಐದೇ ಮೈಲಿ ದೂರದಲ್ಲಿದ್ದ ಆಬೆರ್ ಯಾ ಎಂಬ ಎಸ್ಟೇಟು. ಅಲ್ಲಿ ಹಿಂದೆ ಜನರ ಸಂಗವನ್ನೇ ತೊರೆದ ಒಬ್ಬ ವೃದ್ಧೆ ಬಾಡಿಗೆಗೆ ಇದ್ದಳು. ಮರ ಕಡಿಯಲು ಬಿಡದೆ ದಾರಿಯೆಲ್ಲ ಕಾಡು ಬೆಳೆಯಲು ಬಿಟ್ಟಿದ್ದಳು. ಆಕೆಯ ನಾಯಿಗಳ ಸಮಾಧಿಗಳು ಇಂದಿಗೂ ಆ ಕಾಡಿನಲ್ಲಿವೆ. 1925ರಲ್ಲಿ ಐದು ಸಾವಿರ ಪೌಂಡಿಗೂ ಕಡಿಮೆ ಬೆಲೆಗೆ ಕ್ಲಫ್ ಆ ಜಾಗ ಕೊಂಡ. ಆಬೆರ್ ಯಾ ಎಂದರೆ ಹೆಪ್ಪುಗಟ್ಟಿದ ಅಳಿವೆ ಎಂಬ ಭಾವ ಬರುತ್ತದೆ. ಅತಿಥಿಗಳನ್ನು ಕರೆಯಲು ಒಪ್ಪುವ ಹೆಸರಲ್ಲ. ಹಾಗಾಗಿ ಬಂದರಿನ ‘ಪೋರ್ಟ್’ಗೆ ಆ ಜಿಲ್ಲೆಯ ವೆಲ್ಶ್ ಹೆಸರು ‘ಮೆರಿಯನ್’ ಸೇರಿಸಿ ಹೊಸ ಹೆಸರಿಟ್ಟ. 1926ರ ಈಸ್ಟರ್ ಹೊತ್ತಿಗೆ ಹೋಟೆಲು ಬಾಗಿಲು ತೆರೆಯಿತು.

ಕ್ಲಫ್‌ಗೆ ಲಾಭಕ್ಕಿಂತ ಮುಖ್ಯವಾದ ಒಂದು ವಾದವಿತ್ತು. ಮೊದಲ ಮಹಾಯುದ್ಧದ ನಂತರ ಬ್ರಿಟನ್ನಿನ ಹಳ್ಳಿಗಾಡಿನ ರಸ್ತೆಗಳ ಇಕ್ಕೆಲದಲ್ಲೂ ಅಂದಗೆಟ್ಟ ಮನೆಗಳು ಸಾಲುಗಟ್ಟಿ ಎದ್ದವು. ಈ ಹರಡುವಿಕೆಯನ್ನು ಆತ 1928ರ ತನ್ನ ಪುಸ್ತಕದಲ್ಲಿ ಆಕ್ಟೋಪಸ್‌ಗೆ ಹೋಲಿಸಿದ. ಚೆಲುವಾದ ಜಾಗವನ್ನು ಕೆಡಿಸದೆಯೂ ಅಲ್ಲಿ ಕಟ್ಟಬಹುದು, ಅದರಿಂದ ಬದುಕಲೂ ಬಹುದು ಎಂದು ತೋರಿಸುವುದು ಅವನ ಹಟ. ಕೆಡವಲಾಗುತ್ತಿದ್ದ ಹಳೆಯ ಕಟ್ಟಡಗಳ ತುಂಡುಗಳನ್ನು ಕೊಂಡು ತಂದು ಜೋಡಿಸಿದ. ಎಮ್ರಲ್ ಹಾಲ್ ಎಂಬ ಬಂಗಲೆಯ ಹದಿನೇಳನೆಯ ಶತಮಾನದ ಚಾವಣಿಯನ್ನು ಹರಾಜಿನಲ್ಲಿ 13 ಪೌಂಡಿಗೆ ಕೂಗಿ ತಂದ. ಅದನ್ನು ನಿಲ್ಲಿಸಲೆಂದೇ ಪುರಭವನ ಕಟ್ಟಿದ. ಬ್ರಿಸ್ಟಲ್‌ನ ಹದಿನೆಂಟನೆಯ ಶತಮಾನದ ಕಂಬಸಾಲೊಂದು 1959ರಲ್ಲಿ ಇಲ್ಲಿಗೆ ಬಂತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಿಂತ ಕೆಲಸ 1954ರಲ್ಲಿ ಮತ್ತೆ ಶುರುವಾಗಿ ಎಪ್ಪತ್ತರ ದಶಕದವರೆಗೂ ನಡೆಯಿತು.

ಬರಹಗಾರರಿಗೆ ಇದು ಪ್ರಿಯವಾದ ಜಾಗ. ನೋಯೆಲ್ ಕವರ್ಡ್ ‘ಬ್ಲೈದ್ ಸ್ಪಿರಿಟ್’ ನಾಟಕವನ್ನು 1941ರಲ್ಲಿ ಇಲ್ಲಿಯೇ ಕೆಲವೇ ದಿನಗಳಲ್ಲಿ ಬರೆದ. ಆದರೆ ಊರಿನ ಗುಟ್ಟನ್ನು ಚೆನ್ನಾಗಿ ಹಿಡಿದದ್ದು 1967ರಲ್ಲಿ ಪ್ರಸಾರವಾಗತೊಡಗಿದ ‘ದಿ ಪ್ರಿಸನರ್’ ಎಂಬ ಟಿವಿ ಧಾರಾವಾಹಿ. ಅದರ ನಾಯಕ ಒಂದು ಮುದ್ದಾದ ಊರಿನಲ್ಲಿ ಬಂದಿ. ಅಲ್ಲಿನವರಿಗೆ ಹೆಸರಿಲ್ಲ, ಸಂಖ್ಯೆ ಮಾತ್ರ. ಚಿತ್ರೀಕರಣಕ್ಕೆ ಆರಿಸಿದ್ದು ಪೋರ್ಟ್‌ಮೆರಿಯನ್ನನ್ನು. ಬೇರುಗಳಿಲ್ಲದ ಊರು ಎಷ್ಟು ಚೆಂದವಿದ್ದರೂ ಒಳಗೊಳಗೇ ಭಯ ಹುಟ್ಟಿಸುತ್ತದೆ ಎಂಬುದು ಆ ಕಥೆಯ ಬಲ.

ವಾಸ್ತುಶಿಲ್ಪದ ಚರಿತ್ರೆಕಾರರ ಕಥೆ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ಗ್ರಂಥಾಲಯದಲ್ಲಿ ಬೇರೆಯೇ ಕಪಾಟಿನಲ್ಲಿರುವ ಇನ್ನೊಂದು ಚರಿತ್ರೆಯಿದೆ; ಅದು ವೆಲ್ಶ್ ಭಾಷೆಯದು. ವೆಲ್ಶ್ ಸಾಯುತ್ತಿದೆ ಎಂದು ಸಾಂಡರ್ಸ್ ಲೂಯಿಸ್ 1962ರಲ್ಲಿ ರೇಡಿಯೋ ಭಾಷಣದಲ್ಲಿ ಎಚ್ಚರಿಸಿದ. 1965ರಲ್ಲಿ ಲಿವರ್‌ಪೂಲ್ ನಗರದ ನೀರಿಗಾಗಿ ಕಾಪೆಲ್ ಕೆಲಿನ್ ಎಂಬ ವೆಲ್ಶ್ ಹಳ್ಳಿಯನ್ನು ಮುಳುಗಿಸಲಾಯಿತು. ಇದೇ ದಶಕಗಳಲ್ಲಿ ಇಂಗ್ಲೆಂಡಿನ ಉಳ್ಳವರು ವೇಲ್ಸ್‌ನ ಕರಾವಳಿ ಹಳ್ಳಿಗಳಲ್ಲಿ ಮನೆ ಕೊಳ್ಳತೊಡಗಿದರು. ಅಂಥ ಮನೆಗೆ ವೆಲ್ಶ್‌ನಲ್ಲಿ ‘ಟೀ ಹಾವ್’ ಎನ್ನುತ್ತಾರೆ, ಬೇಸಿಗೆ ಮನೆ. ಬೇಸಿಗೆಯಲ್ಲಿ ದೀಪ ಉರಿಯುವ, ಚಳಿಗಾಲದಲ್ಲಿ ಬೀಗ ಬಿದ್ದಿರುವ ಮನೆ. ಬೆಲೆ ಏರಿತು, ಊರಿನ ಹುಡುಗರಿಗೆ ಮನೆ ಕೈಗೆಟುಕದಾಯಿತು. ಅವರು ಹೊರಟಲ್ಲಿ ಶಾಲೆಗೆ ಮಕ್ಕಳಿಲ್ಲ, ಅಂಗಡಿಯಲ್ಲಿ ವೆಲ್ಶ್ ಮಾತಿಲ್ಲ.

1979ರ ಡಿಸೆಂಬರಿನಲ್ಲಿ ಖಾಲಿ ಬಿದ್ದಿದ್ದ ಬೇಸಿಗೆ ಮನೆಗಳಿಗೆ ಬೆಂಕಿ ಬಿತ್ತು. ಹಚ್ಚಿದವರು ತಮ್ಮನ್ನು ‘ಗ್ಲಿಂಡೂರ್‌ನ ಮಕ್ಕಳು’ ಎಂದು ಕರೆದುಕೊಂಡರು. ಗ್ಲಿಂಡೂರ್ ಹದಿನೈದನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ದೊರೆಯ ವಿರುದ್ಧ ದಂಗೆಯೆದ್ದ ವೀರ. ಮುಂದಿನ ಹನ್ನೆರಡು ವರ್ಷಗಳಲ್ಲಿ ಇನ್ನೂರಕ್ಕೂ ಹೆಚ್ಚು ದಾಳಿಗಳಾದವು. ಬೆಂಕಿಯಿಂದ ಭಾಷೆ ಉಳಿಯಲಿಲ್ಲ, ಬೆಲೆಯೂ ಇಳಿಯಲಿಲ್ಲ. ಆದರೆ ಮನೆಯ ಪ್ರಶ್ನೆಯೂ ನುಡಿಯ ಪ್ರಶ್ನೆಯೂ ಒಂದೇ ಎಂಬುದನ್ನು ಅದಾದ ಮೇಲೆ ಯಾರೂ ಅಲ್ಲಗಳೆಯಲಾಗಲಿಲ್ಲ.

ಈ ಎರಡು ಕಪಾಟುಗಳನ್ನು ಒಟ್ಟಿಗಿಟ್ಟು ಓದಿದಾಗ ನನಗೆ ಕಾಣುವುದು ಹೀಗೆ. ಪೋರ್ಟ್‌ಮೆರಿಯನ್ ಕಟ್ಟುವಾಗ ಒಂದು ಹಳ್ಳಿಯನ್ನು ಬರಿದು ಮಾಡಲಿಲ್ಲ. ಅತಿಥಿಗಳಿಗೆಂದೇ ಪ್ರತ್ಯೇಕ ಊರು ಕಟ್ಟಿದ್ದರಿಂದ ನಿಜವಾದ ಊರುಗಳ ಮನೆಗಳು ಅಷ್ಟರಮಟ್ಟಿಗೆ ಉಳಿದವು ಎಂದೂ ವಾದಿಸಬಹುದು. ಆದರೆ ಕ್ಲಫ್ ಕಣ್ಣಿನ ಮನುಷ್ಯ. ಕೆಡುವುದೆಂದರೆ ನೋಟ ಕೆಡುವುದು ಎಂದೇ ಅವನ ಪುಸ್ತಕ ಮುಖ್ಯವಾಗಿ ಭಾವಿಸಿತು. ಒಂದು ಕಲ್ಲನ್ನೂ ಕದಲಿಸದೆ, ಸುಣ್ಣ ಬಣ್ಣ ಬಳಿದು ಅಂದವಾಗಿಟ್ಟುಕೊಂಡೇ ಒಂದು ಹಳ್ಳಿಯನ್ನು ಕೊಲ್ಲಬಹುದು ಎಂಬುದು ಆ ಲೆಕ್ಕದಲ್ಲಿ ಇರಲಿಲ್ಲ. ಬೇಸಿಗೆ ಮನೆಗಳು ಮಾಡಿದ್ದು ಅದನ್ನೇ. ಎಷ್ಟೋ ಮನೆಗಳು ಮೊದಲಿಗಿಂತ ಚೆಂದವಾದವು, ಅವುಗಳೊಳಗಿನ ಮಾತು ಮಾತ್ರ ಹೋಯಿತು.

ಪೋರ್ಟ್‌ಮೆರಿಯನ್ ಇರುವ ಗ್ವಿನೆದ್ ಜಿಲ್ಲೆಯಲ್ಲಿ 2021ರ ಜನಗಣತಿಯ ಪ್ರಕಾರ ಶೇ. 64ರಷ್ಟು ಜನ ವೆಲ್ಶ್ ಬಲ್ಲರು; ಇಡೀ ವೇಲ್ಸ್‌ನಲ್ಲಿ ಅದು ಶೇ. 18ರ ಆಸುಪಾಸು. 2023ರ ಏಪ್ರಿಲ್‌ನಿಂದ ಅಲ್ಲಿನ ಆಡಳಿತ ಎರಡನೆಯ ಮನೆಗಳ ಮೇಲೆ ಮಾಮೂಲಿ ತೆರಿಗೆಯ ಜೊತೆಗೆ ಶೇ. 150ರಷ್ಟು ಹೆಚ್ಚುವರಿ ತೆರಿಗೆ ಹಾಕಿದೆ. ಪ್ರವಾಸಿಗರಿಂದಲೇ ಹೊಟ್ಟೆ ಹೊರೆಯುವ ಕುಟುಂಬಗಳೂ ಅದೇ ಊರುಗಳಲ್ಲಿವೆ. ಆದ್ದರಿಂದ ಚರ್ಚೆ ಸುಲಭವಾಗಿ ಮುಗಿಯುವಂಥದ್ದಲ್ಲ.

ವಿಹಾರಧಾಮಗಳ ಚರಿತ್ರೆ ಬರೆಯುವ ನಾವು ಕಟ್ಟಿದವನ ಹೆಸರು, ಇಸವಿ, ಖರ್ಚು, ಬಂದುಹೋದ ಗಣ್ಯರ ಪಟ್ಟಿ ಇಷ್ಟನ್ನು ಶ್ರದ್ಧೆಯಿಂದ ದಾಖಲಿಸುತ್ತೇವೆ. ಪಕ್ಕದ ಹಳ್ಳಿಯ ಶಾಲೆಯ ಹಾಜರಿ ಪುಸ್ತಕವೂ ಆ ಚರಿತ್ರೆಯ ಆಕರವೇ. ನನ್ನ ಪ್ರಬಂಧದಲ್ಲಿ ಅದಕ್ಕೊಂದು ಅಧ್ಯಾಯ ಇಡಬೇಕೆಂದಿದ್ದೇನೆ.